ಟೈಲ್ಸ್ ಹಾಕಿಸಿಕೊಂಡ ಹುಡೆ

ಹೋದ ತಿಂಗಳು ರಾಯಚೂರಿನ ನಮ್ಮ ಮನೆಯ ಬಚ್ಚಲಿಗೆ ಟೈಲ್ಸ್ ಆರಿಸಲು ನಾನೂ ನನ್ನ ಗಂಡನೂ ಅಂಗಡಿಗೆ ಹೋಗಿದ್ದೆವು. ಒಳಗೆಲ್ಲ ಹಸಿ ಬಿಳಿ ಸಿಮೆಂಟಿನ ವಾಸನೆ. ಅಂಗಡಿಯವನು ಒಂದೊಂದೇ ತೆಗೆದು ತೋರಿಸುತ್ತ ಕೊನೆಗೆ ಕೆನೆ ಬಣ್ಣದ, ಕಂದು ಗೆರೆಯ ಒಂದು ಟೈಲ್ಸನ್ನು ಒದ್ದೆ ಬಟ್ಟೆಯಿಂದ ಒರೆಸಿ ಮುಂದಿಟ್ಟ. ಇದು ಬಚ್ಚಲಿಗೂ ನಡೆಯುತ್ತದೆ, ಗುಡಿಗೂ ನಡೆಯುತ್ತದೆ, ಎಲ್ಲ ಕಡೆಯೂ ಇದೇ ಹೋಗುತ್ತಿದೆ ಎಂದ. ನಾನು ಟೈಲ್ಸಿನಿಂದ ಕೈ ಹಿಂದೆಳೆದುಕೊಂಡೆ. ಏನಾಯಿತು ಎಂದು ಗಂಡ ಕೇಳುವಷ್ಟರಲ್ಲಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ. ಅದೇ ಬಣ್ಣ, ಅದೇ ಗೆರೆ. ಗುಡ್ಡದ ಮೇಲಿನ ಹುಡೆಗೆ ಮೆತ್ತಿದ್ದು ಅದನ್ನೇ.

ಹುಡೆ ಎಂದರೆ ನಮ್ಮ ಸೀಮೆಯಲ್ಲಿ ಊರ ಕಾವಲಿನ ಬುರುಜು. ದೂರದ ದಾರಿ ಕಾಣಲೆಂದು ಎತ್ತರದಲ್ಲಿ ಗುಂಡಗೆ ಕಲ್ಲಿನಿಂದ ಕಟ್ಟಿದ್ದು. ನಾನು ಹೇಳುತ್ತಿರುವ ಹುಡೆ ಇರುವ ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಫೋನು ಬರುತ್ತದೆ. ಫೋನಿನಲ್ಲಿ ಮೊದಲು ನಮಸ್ಕಾರ, ಆಮೇಲೆ ಬೈಗುಳ. ದೇವದುರ್ಗದಿಂದ ಜಾಲಹಳ್ಳಿ ಕಡೆಯ ಬಸ್ಸು ಹತ್ತಿದರೆ ದಾರಿಯಲ್ಲಿ ಒಂದು ಬೋಳು ಗುಡ್ಡವೂ ಅದರ ಬುಡಕ್ಕೆ ಅಂಟಿಕೊಂಡ ಸಣ್ಣ ಊರೂ ಸಿಗುತ್ತವೆ ಎಂದರೆ ಸಾಕು. ಅಂಥ ಗುಡ್ಡಗಳು ಅಲ್ಲಿ ಬೇಕಾದಷ್ಟಿವೆ.

ಆ ಊರಿನ ಜೂನಿಯರ್ ಕಾಲೇಜಿಗೆ ನಾನು ಇತಿಹಾಸ ಕಲಿಸಲು ಹೋದದ್ದು ಜೂನ್ ಮೊದಲಿಗೆ, ಮಿರಗದ ಮಳೆ ಬರುವ ಹೊತ್ತಿಗೆ. ಮಳೆ ಬರಲಿಲ್ಲ, ಬಿಸಿ ಗಾಳಿ ಬಂತು. ಬಸ್ಸಿನಿಂದ ಇಳಿದಾಗ ಬಾಯಿ ತುಂಬ ದೂಳು. ಗಂಡನ ನೌಕರಿ ರಾಯಚೂರಿನಲ್ಲಿ, ದಿನಾ ಓಡಾಡುವುದು ಆಗದ ಮಾತು. ಒಂಟಿ ಹೆಂಗಸಿಗೆ ಮನೆ ಕೊಡಲು ಊರೆಲ್ಲ ಮೀನಮೇಷ ಎಣಿಸಿತು. ಯಾರು, ಯಾವ ಪೈಕಿ, ಗಂಡ ಯಾಕೆ ಜೊತೆಗಿಲ್ಲ ಎಂದು ಕೇಳಿದವರೇ ಎಲ್ಲ. ಏನೂ ಕೇಳದೆ ಮೇಲಿನ ಕೋಣೆಯ ಬೀಗದ ಕೈ ಕೊಟ್ಟವರು ಹುಲಿಗೆಮ್ಮ ಅಕ್ಕೋರು.

ಶಾಲೆ ಕಲಿಸುವ ಹೆಂಗಸಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಹುಲಿಗೆಮ್ಮ ಆ ಊರಿನ ಸರಕಾರಿ ಶಾಲೆಯಲ್ಲಿ ಹೆಡ್ ಮೇಡಂ ಆಗಿ ನಿವೃತ್ತಿಯಾದವರು. ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದ್ದು ಅವರೇ. ಹುಟ್ಟಿದ್ದು ಊರ ಕೆಳಗಿನ ಕೇರಿಯಲ್ಲಿ; ಓದಿ, ನೌಕರಿ ಹಿಡಿದು, ಕೇರಿಯ ಅಂಚಿನಲ್ಲೇ ಮಾಳಿಗೆಯ ಮನೆ ಕಟ್ಟಿಸಿದ್ದರು. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಹಾಜರಿ ಕೂಗುವ ದನಿಯ ಅಕ್ಕೋರು. ನಾನು ಮಾನ್ವಿಯ ವೈಷ್ಣವರ ಮನೆಯವಳು, ಅಪ್ಪ ಗುಡಿಯಲ್ಲಿ ಸೇವೆ ಮಾಡಿದವರು. ನನ್ನನ್ನು ನೋಡಲು ಬಂದ ಅಮ್ಮ ಎರಡು ದಿನ ಇದ್ದು ಆ ಮನೆಯ ಹನಿ ನೀರು ಮುಟ್ಟಲಿಲ್ಲ, ಊರಿನಿಂದ ತಂದ ಬಾಟಲಿಯಲ್ಲೇ ಗುಟುಕರಿಸಿದಳು. ನಾಚಿಕೆಯಿಂದ ನಾನು ನೆಲ ನೋಡುತ್ತಿದ್ದರೆ ಅಕ್ಕೋರು ಎಳನೀರು ತರಿಸಿ, ಇದು ನಾನು ಮಾಡಿದ್ದಲ್ಲ, ಗಿಡ ಮಾಡಿದ್ದು, ಕುಡಿಯಿರಿ ಎಂದರು. ಅಮ್ಮ ಕುಡಿದಳು. ಅಸಹ್ಯದ ಲೆಕ್ಕ ತೆಗೆದರೆ ನಮ್ಮ ಮನೆಯಿಂದಲೇ ಶುರು ಮಾಡಬೇಕು, ಅದಕ್ಕೇ ಇದನ್ನು ಮೊದಲು ಹೇಳಿದೆ.

ಕೋಣೆಯ ಕಿಟಕಿ ತೆರೆದರೆ ಎದುರಿಗೆ ಗುಡ್ಡ, ನೆತ್ತಿಯ ಮೇಲೆ ಹುಡೆ. ದೂರದಿಂದ ನೋಡಲು ಅಷ್ಟು ಗಂಭೀರ. ಬಂದ ಹುರುಪಿನಲ್ಲಿ ಒಂದು ಬೆಳಿಗ್ಗೆ ಹತ್ತಿ ಹೋದೆ, ಅರ್ಧ ದಾರಿಗೇ ಸೆರಗನ್ನು ಮೂಗಿಗೆ ಹಿಡಿಯಬೇಕಾಯಿತು. ಊರಿನ ಗಂಡಸರು ಚರಿಗೆ ಹಿಡಿದು ಬರುತ್ತಿದ್ದುದು ಅಲ್ಲಿಗೇ. ಮನೆ ಮನೆಗೆ ಶೌಚಾಲಯ ಕಟ್ಟಿಸಿಕೊಂಡಿದ್ದರು. ಅದರಲ್ಲಿ ಕುಳ್ಳು, ಕಟ್ಟಿಗೆ ತುಂಬಿ ಚಿಲಕ ಹಾಕಿ, ತಾವು ಗಾಳಿಗೆ ಬರುತ್ತಿದ್ದರು. ಹುಡೆಯ ಒಳಗೆ ಒಡೆದ ಬಾಟಲಿ, ಗುಟಕಾ ಉಗುಳು, ಗೋಡೆಯ ಮೇಲೆ ಹೃದಯ ಕೊರೆದು ಬರೆದ ಹೆಸರುಗಳು. ಒಬ್ಬನಂತೂ ತನ್ನ ಹೆಸರಿನ ಮುಂದೆ ಮೊಬೈಲ್ ನಂಬರನ್ನೂ ಬರೆದಿದ್ದ. ಮೂಗು ಮುಚ್ಚಿಕೊಂಡೇ ಸುತ್ತು ಹಾಕಿದಾಗ ಹೊರಗೋಡೆಯ ಕಲ್ಲುಗಳ ಮೇಲೆ ಸಣ್ಣ ಸಣ್ಣ ಗುರುತುಗಳು ಕಂಡವು. ಒಂದರ ಮೇಲೆ ತಕ್ಕಡಿ, ಇನ್ನೊಂದರ ಮೇಲೆ ಕುಂಟೆ, ಮತ್ತೊಂದರ ಮೇಲೆ ಕುದುರೆಯ ನಾಲು, ಕತ್ತರಿ, ಮಡಕೆ. ಬಾಗಿಲ ಪಕ್ಕ ನೆಲಕ್ಕೆ ಕಚ್ಚಿಕೊಂಡಂತೆ ಇದ್ದ ದೊಡ್ಡ ಚಪ್ಪಟೆ ಮುಖದ ಕಲ್ಲಿನ ಮೇಲೆ ಚಪ್ಪಲಿ ಹೊಲಿಯುವ ಆರೆ. ತುದಿಯ ಕೈಗೋಡೆಯಲ್ಲಿ, ಎಲ್ಲಕ್ಕಿಂತ ಮೇಲೆ, ಖಡ್ಗ.

ಇದು ಏನೆಂದು ತಿಳಿದದ್ದು ನಲ್ಲಿಯ ಹತ್ತಿರ. ನೀರು ಬಿಡುವ ಹೊತ್ತಿಗೆ ಹೆಂಗಸರು ಕೊಡ ಹಿಡಿದು ನೂಕಾಡುವಾಗ ಯಾರಾದರೊಬ್ಬರು 'ಹುಡೇ ಸಾಲಿಗಿ ಇಡ್ರಿ' ಎಂದು ಗದರುವುದು, ಆಗ ಎಲ್ಲರೂ ಬಂದ ಬಂದ ಹಾಗೆ ಕೊಡ ಇಡುವುದು. ರೇಷನ್ ಅಂಗಡಿಯಲ್ಲೂ ಅದೇ ಮಾತು, ಹಿಟ್ಟಿನ ಗಿರಣಿಯಲ್ಲೂ ಅದೇ. ಮೊದಲು ಬಂದವರು ಮೊದಲು ಎನ್ನುವುದಕ್ಕೆ ಹುಡೆಯ ಹೆಸರೇಕೆ ಎಂದು ಅಕ್ಕೋರನ್ನು ಕೇಳಿದೆ. ಅವರು ತೊಗರಿ ಹಸನು ಮಾಡುತ್ತ ಕೂತಿದ್ದರು, ಮೊರ ಬದಿಗಿಟ್ಟು ಹೇಳಿದರು.

ಸುಗ್ಗಿ ಬಂತೆಂದರೆ ಕುದುರೆ ಏರಿ ಕೊಳ್ಳೆ ಹೊಡೆಯುವವರು ಬರುತ್ತಿದ್ದ ಕಾಲ ಅದು. ದೊರೆ ಯಾವನಿದ್ದನೋ, ಯಾವನಿದ್ದರೂ ಇಂಥ ಊರು ಕಾಯಲು ಬರುವವನಲ್ಲ. ಊರವರೇ ಕೂತು ಹುಡೆ ಕಟ್ಟುವುದೆಂದು ಮಾತಾಡಿಕೊಂಡರು. ಮನೆಗೊಂದು ಕಲ್ಲು, ಆ ಮನೆಯವರೇ ಗುಡ್ಡಕ್ಕೆ ಹೊತ್ತು ತರಬೇಕು, ತಮ್ಮ ಕಸುಬಿನ ಗುರುತು ಕೊರೆದಿರಬೇಕು. ಯಾವ ಕಲ್ಲು ಮೊದಲು ಬರುತ್ತದೋ ಅದೇ ಮೊದಲು ಕೂರಬೇಕು, ಹಿರಿಯರು ಕಿರಿಯರು ಎಂಬ ತಕರಾರು ಇಲ್ಲ. ಮೊದಲು ಬಂದದ್ದು ಕೆಳಗಿನ ಕೇರಿಯ ಕಲ್ಲು, ಅಕ್ಕೋರ ಮನೆತನದವರು ಹೊತ್ತ ಆರೆಯ ಕಲ್ಲು. ಬೆಂಕಿ ಬಿದ್ದರೆ ಮೊದಲು ಸುಡುವುದು ಊರ ಅಂಚಿನ ಗುಡಿಸಲು, ಅವರಿಗೆ ಅವಸರವಿತ್ತು. ವಾಡೆಯ ದಪ್ಪ ಗೋಡೆಯ ಹಿಂದೆ ಮಲಗುವ ಗೌಡರಿಗೆ ಏನು ಅವಸರ? ಗೋಡೆ ಎದೆಮಟ್ಟ ಬಂದ ಮೇಲೆ ಒಕ್ಕಲಿಗರೂ ವ್ಯಾಪಾರಿಗಳೂ ಬಂದರು; ಇನ್ನೇನು ಮುಗಿಯಿತು ಎನ್ನುವಾಗ ಗೌಡರ ಆಳುಗಳು ಒಂದು ಪುಟ್ಟ ಕಲ್ಲು ತಂದರು. ಅದೇ ಖಡ್ಗದ ಕಲ್ಲು.

ಕಾಲ ಸರಿದ ಮೇಲೆ ಕಾರಣ ಮರೆತುಹೋಗಿ ಎತ್ತರವೊಂದೇ ಉಳಿಯಿತು. ನಮ್ಮ ಜನಕ್ಕೆ ಮೇಲಿದ್ದದ್ದೆಲ್ಲ ದೊಡ್ಡದು. ಹುಡೆ ಕಟ್ಟಿ ಮುಗಿದ ಮೇಲೆ ಕೆಳಗಿನ ಕೇರಿಯವರನ್ನು ಅದರ ಒಳಗೆ ಬಿಡಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ಆದರೆ ಅವರ ಕಲ್ಲು ಹೊರಗಿತ್ತು, ಬಾಗಿಲ ಬುಡದಲ್ಲೇ ಇತ್ತು. ವರ್ಷಕ್ಕೊಮ್ಮೆ ಬನ್ನಿ ಹಬ್ಬದ ದಿನ ಪ್ರತಿ ಮನೆಯವರೂ ಗುಡ್ಡ ಹತ್ತಿ ತಮ್ಮ ತಮ್ಮ ಕಲ್ಲಿಗೆ ಎಣ್ಣೆ ಹಚ್ಚಿ ಬನ್ನಿ ಎಲೆ ಇಡುವುದು ಪದ್ಧತಿ. ಆ ದಿನ ಯಾರೂ ಯಾರಿಗೂ ಅಡ್ಡ ಬರುವ ಹಾಗಿಲ್ಲ.

'ನಮ್ಮವ್ವ ಆ ಕಲ್ಲಿಗಿ ಹಣಿ ಹಚ್ಚಿ ಭಾಳ ಹೊತ್ತು ಕುಂದ್ರತಿದ್ಲು' ಎಂದರು ಅಕ್ಕೋರು. 'ಬಾವಿ ಕಟ್ಟಿ ಮ್ಯಾಲ ನಿಂತ್ರ ಆಚಿ ಸರಿ ಅಂತಿದ್ರು, ಗುಡಿ ಮುಂದ ನಿಂತ್ರ ಸರಿ ಅಂತಿದ್ರು. ಇಡೀ ಊರಾಗ ನಮಗ ಸರಿ ಅನ್ನಲಾರದ ಜಾಗ ಅಂದ್ರ ಅದೊಂದ.'

ಅವರು ಇದನ್ನು ದುಃಖದಿಂದ ಹೇಳಲಿಲ್ಲ, ತಮ್ಮ ಮನೆಯ ವಿಳಾಸ ಹೇಳುವವರ ಹಾಗೆ ಹೇಳಿದರು. ನನಗೆ ಮಾತ್ರ ಅವತ್ತಿನಿಂದ ಹುಡೆಯ ಬುಡದ ಆ ಕಲ್ಲೇ ಕಣ್ಣಿಗೆ ಬೀಳತೊಡಗಿತು.

ಶ್ರಾವಣದಲ್ಲಿ ಹುಡೆಗೆ ಅನುದಾನ ಬಂತು. ಅನುದಾನ ಬಂದರೆ ಸಮಿತಿ ಬರುತ್ತದೆ, ಸಮಿತಿ ಬಂದರೆ ಅಧ್ಯಕ್ಷರು ಬರುತ್ತಾರೆ. ಅಧ್ಯಕ್ಷರಾದವರು ಖಡ್ಗದ ಮನೆತನದ ಅಮರೇಗೌಡರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಕಿರ್ರೆನ್ನುವ ಚರ್ಮದ ಚಪ್ಪಲಿ. ಮಾತಿಗೆ ಮೊದಲು ಒಂದು ನಗೆ. ಗುಡ್ಡವನ್ನು ಪ್ರೇಕ್ಷಣೀಯ ಸ್ಥಳ ಮಾಡುತ್ತೇವೆ, ಹುಡೆಯ ಮುಂದೆ ಇತಿಹಾಸದ ಫಲಕ ಬೇಕು, ನೀವು ಬರೆದುಕೊಡಿ ಎಂದು ನನಗೆ ಹೇಳಿದರು. ನಾನು ಸಂತೋಷದಿಂದಲೇ ಒಪ್ಪಿದೆ. ಕಸ ಬಳಿಯುತ್ತಾರಲ್ಲ, ಅಷ್ಟಾದರೂ ಆಗಲಿ ಎನಿಸಿತು.

ಬರೆದದ್ದನ್ನು ಓದಲು ಸಮುದಾಯ ಭವನದಲ್ಲಿ ಸಭೆ ಸೇರಿತು. ನಾನು ಎದ್ದು ನಿಲ್ಲುವ ಮೊದಲೇ ಊರಿನ ಇತಿಹಾಸಕಾರರೆಲ್ಲ ಎದ್ದು ನಿಂತರು. ಹುಡೆ ಕಟ್ಟಿಸಿದ್ದು ತಮ್ಮ ಮುತ್ತಜ್ಜ ಎಂದು ಒಬ್ಬರು, ತಮ್ಮ ಕುಲದ ರಾಜ ಎಂದು ಇನ್ನೊಬ್ಬರು. ಆ ರಾಜನ ಹೆಸರೇನು ಎಂದು ಕೇಳಿದರೆ ಹುಡುಕಿ ಕೊಡುವುದು ನಿಮ್ಮ ಕೆಲಸ ಎಂದು ನನ್ನ ಕಡೆಗೇ ತಿರುಗಿದರು. ಊರವರು ಸೇರಿ ಕಟ್ಟಿದ್ದು, ಮನೆಗೊಂದು ಕಲ್ಲು ಎಂದು ನಾನು ಓದಿದಾಗ ಎಲ್ಲರ ಮುಖವೂ ಸಪ್ಪಗಾಯಿತು. ತಮ್ಮ ಹಿರಿಯರೇ ಕಟ್ಟಿದರು ಎಂದರೆ ಹೆಮ್ಮೆ ಪಡದೆ ಮುಖ ಸಣ್ಣ ಮಾಡುವ ಜನರನ್ನು ನಾನು ಅಲ್ಲೇ ಮೊದಲು ನೋಡಿದ್ದು.

ಅಮರೇಗೌಡರು ನಗುತ್ತಲೇ, ಎಲ್ಲ ಸರಿ, ಆದರೆ ತಮ್ಮ ಮನೆಯ ಕಲ್ಲು ಎಲ್ಲರಿಗಿಂತ ಮೇಲಿದೆ, ಅದನ್ನು ಫಲಕದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕು ಎಂದರು. ಹಿಂದಿನ ಸಾಲಿನಿಂದ ಅಕ್ಕೋರು ಎದ್ದರು.

'ಬರೀಬೇಕು ಅಮರೇಶಾ. ನಿಮ್ಮ ಕಲ್ಲು ಎಲ್ಲಾರ್ಗಿಂತ ಮ್ಯಾಲ ಅದ, ಯಾಕಂದ್ರ ನಿಮ್ಮವರು ಎಲ್ಲಾರ್ಗಿಂತ ಕಡೀಕ ಬಂದ್ರು. ನೀನೂ ಸಾಲಿಗಿ ಹಂಗ ಬರ್ತಿದ್ದಿ, ಗಂಟಿ ಹೊಡದ ಮ್ಯಾಲ.'

ಭವನ ಗೊಳ್ಳೆಂದು ನಕ್ಕಿತು. ಅಮರೇಗೌಡರೂ ನಕ್ಕರು. ನಗದೆ ಸಿಟ್ಟು ಮಾಡಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆ ನಗೆ ಬಾಯಲ್ಲಿ ಮಾತ್ರ ಇತ್ತು.

ಆ ವರ್ಷದ ಬನ್ನಿಗೆ ನಾನೂ ಅಕ್ಕೋರ ಜೊತೆ ಗುಡ್ಡ ಹತ್ತಿದೆ. ಮಳೆ ತಡವಾಗಿ ಬಂದಿದ್ದರೂ ಬಂದಿತ್ತು. ಕೆಳಗೆ ಹತ್ತಿ ಹೊಲ, ಇನ್ನೂ ಆಚೆ ಕಾಲುವೆ ನೀರಿನ ಹಸಿರು ಭತ್ತ. ಅಕ್ಕೋರು ಆರೆಯ ಕಲ್ಲನ್ನು ತೊಳೆದು, ಅಂಗೈಯಲ್ಲಿ ಎಣ್ಣೆ ಸುರಿದುಕೊಂಡು ಮಗುವಿನ ನೆತ್ತಿಗೆ ತಟ್ಟುವಂತೆ ತಟ್ಟಿದರು. ಕರೀ ಕಲ್ಲು ಎಣ್ಣೆ ಕುಡಿದು ಮಿರುಗಿತು. ಪ್ರತಿ ವರ್ಷ ತುದಿಯ ಕೈಗೋಡೆಗೆ ಹತ್ತಿ ಹೋಗುತ್ತಿದ್ದ ಗೌಡರ ಮನೆಯವರು ಅವತ್ತು ಹತ್ತಲಿಲ್ಲ. ಅಮರೇಗೌಡರು ಬುಡದಲ್ಲೇ ನಿಂತು ಕೆಳಗಿನ ಸಾಲಿನ ಕಲ್ಲುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ನೆಲಕ್ಕೆ ಹತ್ತಿರವಿರುವುದು ಮರ್ಯಾದೆ ಎಂದು ಆ ಮನೆತನಕ್ಕೆ ಅವತ್ತು ಮೊದಲ ಸಲ ಹೊಳೆದಿರಬೇಕು.

ಹತ್ತಿ ಬಿಡಿಸುವ ಕಾಲಕ್ಕೆ ಕೆಲಸ ಶುರುವಾಯಿತು. ಮಳೆ ನೀರು ಹರಿಯಲು ಕಾಲುವೆ ತೆಗೆಯಬೇಕು, ಅದಕ್ಕೆ ಬುಡದ ಒಂದು ಕಲ್ಲು ಅಡ್ಡ ಬರುತ್ತದೆ ಎಂದು ಸಮಿತಿ ತೀರ್ಮಾನಿಸಿತು. ಯಾವ ಕಲ್ಲು ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ. ಅಕ್ಕೋರು ಮೂರು ಸಲ ಗುಡ್ಡ ಹತ್ತಿ ಹೋಗಿ ಬೇಡವೆಂದು ಹೇಳಿ ಬಂದರು. ನಾನು ಕಂಡ ಕಂಡ ಕಚೇರಿಗೆ ಅರ್ಜಿ ಕೊಟ್ಟೆ. ಹುಡೆ ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ, ಪಟ್ಟಿಯಲ್ಲಿ ಇಲ್ಲದ್ದನ್ನು ಕಾಯಲು ಬರುವುದಿಲ್ಲ ಎಂದರು. ಅಕ್ಕೋರು ನೆಂಟರ ಮದುವೆಗೆಂದು ಗಿಲ್ಲೆಸುಗೂರಿಗೆ ಹೋದ ದಿನ ನೋಡಿ ಜೆಸಿಬಿ ಗುಡ್ಡ ಹತ್ತಿತು.

ನಾನು ಪಾಠ ಬಿಟ್ಟು ಓಡಿ ಹೋಗುವಷ್ಟರಲ್ಲಿ ಆರೆಯ ಕಲ್ಲು ಕಿತ್ತು ಹೊರಗೆ ಬಿದ್ದಿತ್ತು. ಇಷ್ಟು ಕಾಲ ಕಾಣದಿದ್ದ ಅದರ ಹಿಂಬದಿಯೂ ಬೆಳಕಿಗೆ ಬಂದಿತ್ತು, ಮೊಳಕಾಲಷ್ಟು ದಪ್ಪ. ಆ ಬೋಗುಣಿಯಂಥ ಖಾಲಿ ಜಾಗದಲ್ಲಿ, ತುದಿಯಿಂದ ಇಳಿಸಿ ತಂದ ಖಡ್ಗದ ಪುಟ್ಟ ಕಲ್ಲನ್ನು ನಿಲ್ಲಿಸಲು ಕೂಲಿಯವರು ಒದ್ದಾಡುತ್ತಿದ್ದರು. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ವಾಲುತ್ತಿತ್ತು. ಸುತ್ತ ಇಟ್ಟಿಗೆ ಚೂರು, ಜಲ್ಲಿ, ಸಿಮೆಂಟು ತುಂಬಿ ತುರುಕಿದರು. ಕಟ್ಟಡದ ಅಷ್ಟೂ ಭಾರ ಹೊತ್ತ ಕಲ್ಲನ್ನು ತೆಗೆದು ಅಲ್ಲಿ ಒಂದು ಕಡುಬಿನಷ್ಟು ಕಲ್ಲು ಕೂರಿಸಿ, ಈಗ ನಾವೇ ಮೊದಲಿಗರು ಎಂದು ನಿಂತ ಜನರನ್ನು ಏನೆಂದು ಕರೆಯಬೇಕು? ಗುತ್ತಿಗೆದಾರನಿಗೆ ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ಗುಟಕಾ ಉಗುಳಿ, ನನಗೆ ಹೇಳಿದ್ದನ್ನು ಮಾಡುತ್ತೇನೆ ಎಂದ.

ಅಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಗೌಡರ ಕಲ್ಲು ಕೆಳಗೆ ಬಂತು ಎಂದು ಕೇಳಿದ್ದೇ ತಡ, ತಕ್ಕಡಿಯ ಮನೆಯವರು ನಮ್ಮದೂ ಕೆಳಗೆ ಬರಲಿ ಎಂದು ಹಟ ಹಿಡಿದರು. ಅವರದನ್ನು ನೋಡಿ ಕುಂಟೆಯವರು. ನಿನ್ನೆಯವರೆಗೆ ಮೇಲಕ್ಕೆ ಬಡಿದಾಡಿದವರು ಇವತ್ತು ಕೆಳಕ್ಕೆ ಬಡಿದಾಡಿದರು. ಬುಡದ ಸಾಲಿನ ಮಡಕೆ, ನಾಲು, ಕತ್ತರಿ ಎಲ್ಲ ಒಂದೊಂದಾಗಿ ಸಡಿಲವಾದವು. ಆ ಮನೆಗಳವರೂ ಕೂಗಾಡಿದರು, ಅವರನ್ನು ಕೇಳುವವರು ಯಾರು? ನಲ್ಲಿಯ ಹತ್ತಿರ ಒಂದು ಕೊಡದ ಸಾಲನ್ನು ತಪ್ಪದೆ ಪಾಲಿಸುವ ಊರು ಅದರ ಮೂಲವನ್ನೇ ಕಿತ್ತು ಹಾಕುತ್ತಿತ್ತು.

ಸಂಕ್ರಾಂತಿಯ ಸುಮಾರಿಗೆ ಹುಡೆ ಬಿರಿಯಿತು. ಬುಡದಿಂದ ಎದೆಮಟ್ಟದವರೆಗೆ ಕೈ ಹಾಕುವಷ್ಟು ಬಿರುಕು. ಬಿರುಕು ಕಂಡವರು ಕಲ್ಲುಗಳನ್ನು ಅವುಗಳ ಮೊದಲಿನ ಜಾಗಕ್ಕೆ ತಿರುಗಿ ಇಡಬೇಕೋ ಬೇಡವೋ? ಅವರು ಬಿರುಕಿಗೆ ಗಾರೆ ತುಂಬಿ, ಇಡೀ ಹುಡೆಗೆ ಪ್ಲಾಸ್ಟರ್ ಬಳಿದು, ಅದರ ಮೇಲೆ ಬುಡದಿಂದ ತುದಿಯವರೆಗೆ ಟೈಲ್ಸ್ ಹಾಕಿದರು. ಬಚ್ಚಲಿನ ಟೈಲ್ಸು. ಕೆನೆ ಬಣ್ಣ, ಕಂದು ಗೆರೆ. ಕೊಳ್ಳೆಯ ಕುದುರೆಗಳಿಗೆ ಎದೆಯೊಡ್ಡಿ ನಿಂತಿದ್ದ ಹುಡೆ ಈಗ ಯಾರದೋ ಮನೆಯ ಸ್ನಾನದ ಕೋಣೆ ಒಳಹೊರಗಾಗಿ ಗುಡ್ಡ ಹತ್ತಿದ ಹಾಗೆ ಹೊಳೆಯುತ್ತ ನಿಂತಿತು. ಬೆಳಿಗ್ಗೆ ಕಿಟಕಿ ತೆರೆದರೆ ಬಿಸಿಲು ಅದಕ್ಕೆ ಬಡಿದು ಕಣ್ಣು ಕುಕ್ಕುತ್ತಿತ್ತು. ನಾನು ಕಿಟಕಿಗೆ ಹಳೆಯ ಸೀರೆ ಕಟ್ಟಿದೆ.

ತಮಾಷೆ ಎಂದರೆ ಖಡ್ಗವೂ ಮುಚ್ಚಿಹೋಗಿತ್ತು. ಅಷ್ಟು ಹೊಡೆದಾಡಿ ಕೆಳಗೆ ತಂದ ಕಲ್ಲು ಪ್ಲಾಸ್ಟರಿನೊಳಗೆ ಸೇರಿಹೋಗಿ ಗೌಡರಿಗೂ ಕಾಣುತ್ತಿರಲಿಲ್ಲ. ನಾನು ಅದನ್ನು ಅವರ ಮುಖಕ್ಕೇ ಹೇಳಿದೆ. ಅದಕ್ಕೂ ಅವರ ಹತ್ತಿರ ನಗೆ ಇತ್ತು, ಉತ್ತರವೂ ಇತ್ತು.

'ಚೊಲೋ ಆತಲ್ರಿ ಮೇಡಂ. ಈಗ ಯಾರ್ದೂ ಕಾಣಂಗಿಲ್ಲ. ಜಗಳ ಹರೀತು, ಎಲ್ಲಾರೂ ಸರಿ ಸಮಾನ.'

ಸಮಾನತೆ ಎಂಬ ಶಬ್ದವನ್ನು ನಾನು ಕ್ಲಾಸಿನಲ್ಲಿ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಅದು ಆ ಬಾಯಿಂದ ಬಂದಾಗ ಕೈ ತೊಳೆದುಕೊಳ್ಳಬೇಕು ಎನಿಸಿತು.

ಉದ್ಘಾಟನೆಗೆ ಶಾಮಿಯಾನ, ಧ್ವನಿವರ್ಧಕ, ಗಣ್ಯರು, ಮಿರ್ಚಿ ಭಜಿ. ನಾನು ಬರೆದದ್ದು ಫಲಕದಲ್ಲಿ ಇರಲಿಲ್ಲ. ಅಧ್ಯಕ್ಷರ ಹೆಸರೂ ಸದಸ್ಯರ ಹೆಸರೂ ತುಂಬಿಕೊಂಡು ಇತಿಹಾಸಕ್ಕೆ ಜಾಗ ಉಳಿದಿರಲಿಲ್ಲ. ಹಿರಿಯ ಶಿಕ್ಷಕಿ ಎಂದು ಅಕ್ಕೋರಿಗೆ ಶಾಲು ಹೊದಿಸುವುದಿತ್ತು. ಅವರು ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಕಲ್ಲು ಕಿತ್ತ ದಿನದಿಂದ ಅವರು ಅದನ್ನು ಗುಡ್ಡದಲ್ಲೆಲ್ಲ ಹುಡುಕುತ್ತಲೇ ಇದ್ದರು. ಎಲ್ಲಿ ಒಗೆದಿದ್ದೀರಿ ಎಂದು ಕೇಳಿದರೆ ಯಾರೂ ಬಾಯಿ ಬಿಟ್ಟಿರಲಿಲ್ಲ.

ಭಾಷಣಗಳ ನಡುವೆ ಅಕ್ಕೋರು ಎದ್ದು ಹುಡೆಯ ಹಿಂದೆ ಹೊಸದಾಗಿ ಕಟ್ಟಿದ ಶೌಚಾಲಯಕ್ಕೆ ಹೋದರು. ಗಂಡಸರದ್ದು, ಹೆಂಗಸರದ್ದು ಎರಡು ಬಾಗಿಲು ಅಕ್ಕಪಕ್ಕ. ಎರಡಕ್ಕೂ ಸೇರಿ ಒಂದೇ ಮೆಟ್ಟಿಲು. ಹತ್ತಲು ಕಾಲಿಟ್ಟವರು ಸರ್ರನೆ ಹಿಂದೆ ತೆಗೆದರು. ನಾನು ಹತ್ತಿರ ಹೋಗಿ ನೋಡಿದೆ. ಕೆಸರಿನ ಚಪ್ಪಲಿ ಗುರುತುಗಳ ನಡುವೆ, ಅರ್ಧ ನೆಲಕ್ಕೆ ಹೂತು ಮುಖ ಮೇಲಾಗಿ ಮಲಗಿಸಿದ ಕಲ್ಲಿನ ಮೇಲೆ ಆರೆ.

ಶಾಲು ಹಿಡಿದು ಹುಡುಕುತ್ತ ಬಂದ ಅಮರೇಗೌಡರು ನಮ್ಮನ್ನೂ ಮೆಟ್ಟಿಲನ್ನೂ ನೋಡಿದರು. ಒಳ್ಳೆ ಅಗಲ ಕಲ್ಲು, ಒಗೆಯಲು ಮನಸ್ಸು ಬರಲಿಲ್ಲ, ಉಪಯೋಗಕ್ಕೆ ಬಂತಲ್ಲ ಎಂದರು. ಬೇಕಿದ್ದರೆ ನಾಳೆಯೇ ಟ್ರ್ಯಾಕ್ಟರಿನಲ್ಲಿ ಮನೆಗೆ ಕಳಿಸುತ್ತೇನೆ ಎಂದೂ ಹೇಳಿದರು. ಅವರಿಗೆ ಅದರಲ್ಲಿ ತಪ್ಪೇ ಕಾಣುತ್ತಿರಲಿಲ್ಲ. ಬೇಕೆಂದೇ ಮಾಡಿದ್ದರೆ ಅದು ದ್ವೇಷ, ಅರ್ಥವಾಗುತ್ತದೆ. ಏನೂ ಅನಿಸದೆ ಮಾಡಿದ್ದು ಇನ್ನೂ ಹೇಸಿಗೆ.

'ಮನಿಗಿ ಒಯ್ದರ ಅದು ಚಟ್ನಿ ಅರಿಯೂ ಕಲ್ಲ ಆಗ್ತದ' ಎಂದರು ಅಕ್ಕೋರು. 'ಅದರ ಜಾಗ ಹುಡೇದಾಗ. ಅಲ್ಲಿ ಇಡಸು.'

ಅಲ್ಲಿಡಬೇಕೆಂದರೆ ಟೈಲ್ಸ್ ಒಡೆಯಬೇಕು, ಟೈಲ್ಸ್ ಒಡೆದರೆ ಬಿರುಕು ಹೊರಬೀಳುತ್ತದೆ. ನೋಡೋಣ ಎಂದು ಗೌಡರು ಹೊರಟುಹೋದರು. ಅಕ್ಕೋರು ಶಾಲು ಹೊದಿಸಿಕೊಳ್ಳಲಿಲ್ಲ. ಮೈಕಿನಲ್ಲಿ ಅವರ ಹೆಸರು ಕೂಗುತ್ತಿರುವಾಗ ನಾವಿಬ್ಬರೂ ಗುಡ್ಡ ಇಳಿಯುತ್ತಿದ್ದೆವು.

ಬೇಸಿಗೆಗೆ ನನಗೆ ರಾಯಚೂರಿಗೆ ವರ್ಗವಾಯಿತು. ಆ ಊರು ಬಿಟ್ಟಾಗ ಮೈಮೇಲಿನ ಕೊಳೆ ಕಳಚಿದ ಹಾಗಾಯಿತು. ಅಕ್ಕೋರನ್ನು ಬಿಟ್ಟು ಬಂದದ್ದು ಮಾತ್ರ ಬಾಧಿಸಿತು. ಫೋನಿನಲ್ಲಿ ಪ್ರತಿ ಸಲ ಕೇಳುತ್ತಿದ್ದೆ. ಕಲ್ಲು ಅಲ್ಲೇ ಇದೆ, ನೋಡೋಣ ಎಂದವರು ಇನ್ನೂ ನೋಡುತ್ತಲೇ ಇದ್ದಾರೆ ಎನ್ನುತ್ತಿದ್ದರು.

ಬನ್ನಿ ಹಬ್ಬ ಬಂತು. ಬೆಳಗಿನ ಬಸ್ಸಿಗೆ ಹೋದೆ. ಅಕ್ಕೋರು ಬಿಳಿ ಸೀರೆ ಉಟ್ಟು, ಕೈಯಲ್ಲಿ ನೀರಿನ ತಂಬಿಗೆ, ಎಣ್ಣೆ ಶೀಶೆ, ಬನ್ನಿ ಎಲೆ ಹಿಡಿದು ಕಾಯುತ್ತಿದ್ದರು. ನಾನು ಅವರ ಕೈಯ ತಂಬಿಗೆ ಇಸಿದುಕೊಂಡು ಜೊತೆಗೆ ಹೊರಟೆ. ಊರಿನ ಬೇರೆ ಮನೆಗಳವರು ಆ ವರ್ಷ ಹತ್ತಲೇ ಇಲ್ಲ. ಟೈಲ್ಸಿಗೆ ಎಣ್ಣೆ ಹಚ್ಚುವುದು ಹೇಗೆ? ಗುಡ್ಡದ ಮೇಲೆ ಇದ್ದವರೆಲ್ಲ ರಜೆಗೆಂದು ಕಾರಿನಲ್ಲಿ ಬಂದ ಪರ ಊರಿನವರು. ಹುಡೆಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅಕ್ಕೋರು ಹುಡೆಯ ಕಡೆ ತಿರುಗಿಯೂ ನೋಡದೆ ನೇರ ಹಿಂದಕ್ಕೆ ಹೋದರು.

ಶೌಚಾಲಯದ ಮುಂದೆ ಸಾಲು ಇತ್ತು. ಫಿನಾಯಿಲಿನ ವಾಸನೆ, ಅದರೊಳಗಿಂದ ಬರುವ ಇನ್ನೊಂದು ವಾಸನೆ. ಅಕ್ಕೋರು ಮೆಟ್ಟಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಕಲ್ಲು ತೊಳೆದರು, ಸೆರಗಿನಿಂದ ಒರೆಸಿದರು, ಅಂಗೈ ತುಂಬ ಎಣ್ಣೆ ಸುರಿದು ತಟ್ಟಿದರು. ಬನ್ನಿ ಎಲೆಯನ್ನು ಕಾ‍ಲು ತಾಗದ ಹಾಗೆ ಮೂಲೆಗಿಟ್ಟರು. ಸಾಲಿನಲ್ಲಿ ಮಗು ಎತ್ತಿಕೊಂಡು ನಿಂತಿದ್ದ ಒಬ್ಬ ಹುಡುಗಿ, ಎಣ್ಣೆ ಹಚ್ಚಿದರೆ ಮಕ್ಕಳು ಜಾರಿ ಬೀಳುತ್ತವೆ, ಒರೆಸಿಬಿಡಿ ಅಜ್ಜಿ ಎಂದಳು. ನನಗೆ ತಡೆಯಲಾಗಲಿಲ್ಲ, ಈ ಕಲ್ಲು ಏನು ಗೊತ್ತೇ ಎಂದು ಬಾಯಿ ತೆರೆದೆ. ಅಕ್ಕೋರು ನನ್ನ ಕೈ ಹಿಡಿದು ಸುಮ್ಮನಿರಿಸಿದರು.

'ಚಪ್ಪಲಿ ಬಿಟ್ಟು ಬಾ ತಂಗಿ. ಬರಿಗಾಲು ಜಾರೂದಿಲ್ಲ.'

ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದರು. ಹುಡುಗಿ ಚಪ್ಪಲಿ ಬಿಟ್ಟು ಹತ್ತಿದಳು. ಅವಳ ಹಿಂದಿನವರೂ ಬಿಟ್ಟರು. ಅಕ್ಕೋರು ಪಕ್ಕದ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ಅದೇ ಮಾತು ಹೇಳಿದರು. ಸ್ವಲ್ಪ ಹೊತ್ತಿಗೆ ಹೇಳುವುದೂ ಬೇಕಾಗಲಿಲ್ಲ, ಬಿಟ್ಟ ಚಪ್ಪಲಿಗಳನ್ನು ನೋಡಿ ಬಂದವರು ತಾವೇ ಬಿಟ್ಟರು. ಒಬ್ಬ ಗೃಹಸ್ಥರಂತೂ ಹೆಂಡತಿ ಮಕ್ಕಳೊಂದಿಗೆ ಬಂದು ಚಪ್ಪಲಿ ಕಳಚಿ, ಕೈ ಮುಗಿದು, ಯಾವ ದೇವರು ಎಂದು ಕೇಳಿದರು. ಮೊದಲು ಒಳಗೆ ಹೋಗಿ ನೋಡಿ ಬನ್ನಿ ಎಂದರು ಅಕ್ಕೋರು.

ಮಧ್ಯಾಹ್ನದ ಹೊತ್ತಿಗೆ ಅಮರೇಗೌಡರು ಯಾರೋ ಸಾಹೇಬರಿಗೆ ಹುಡೆ ತೋರಿಸಲು ಬಂದರು. ಈಚೆಗೆ ಅವರಿಗೆ ಸಕ್ಕರೆ ಕಾಯಿಲೆ ಹತ್ತಿ, ಘಳಿಗೆ ಘಳಿಗೆಗೂ ಹೋಗಬೇಕಾಗುತ್ತಿತ್ತಂತೆ. ಸಾಹೇಬರನ್ನು ಅಲ್ಲೇ ಬಿಟ್ಟು ಬಿರಬಿರನೆ ಬಂದವರು ಎಣ್ಣೆ ಮಿರುಗುವ ಕಲ್ಲನ್ನೂ ಅದರ ಪಕ್ಕ ಕೂತ ಅಕ್ಕೋರನ್ನೂ ನೋಡಿ ನಿಂತರು. ಸುತ್ತ ನೋಡಿದರು. ಮೊದಲಾದರೆ ಗುಡ್ಡವೆಲ್ಲ ಅವರದೇ; ಈಗ ಎಲ್ಲಿ ನೋಡಿದರೂ ಕ್ಯಾಮೆರಾ ಹಿಡಿದ ಜನ. ಸಾಲಿನಲ್ಲಿದ್ದವರು ಅವರ ಕಾಲನ್ನೇ ನೋಡುತ್ತಿದ್ದರು.

'ಬಿಡು ಅಮರೇಶಾ' ಎಂದರು ಅಕ್ಕೋರು, ಮೆತ್ತಗೆ.

ಅವರ ಮುಖದ ಮೇಲೆ ಅವತ್ತು ನಗೆ ಬರಲಿಲ್ಲ. ಬಗ್ಗಿ, ಒಂದು ಕೈ ಗೋಡೆಗೆ ಕೊಟ್ಟು, ಚರ್ಮದ ಚಪ್ಪಲಿಯ ಬೆಲ್ಟು ಬಿಚ್ಚಿದರು. ಬರಿಗಾಲಲ್ಲಿ ಕಲ್ಲಿನ ಮೇಲೆ ನಿಂತು ಒಳಗೆ ಹೋದರು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗಲೂ ನಮ್ಮ ಕಡೆ ನೋಡಲಿಲ್ಲ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಊರಿಗೆ ಮೊದಲ ಕಲ್ಲು ಕೊಟ್ಟ ಮನೆಯ ಮಗಳು, ಅದೇ ಊರಿಗೆ ಅಕ್ಷರ ಕಲಿಸಿದವರು, ತನ್ನ ಮರ್ಯಾದೆ ವಸೂಲಿ ಮಾಡಲು ಹಬ್ಬದ ದಿನ ಪಾಯಖಾನೆಯ ಬಾಗಿಲಲ್ಲಿ ಕೂರಬೇಕಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಎಲ್ಲರ ಮೇಲೂ ಹೇಸಿಗೆಯಾಯಿತು. ನಡೆಯಿರಿ ಅಕ್ಕೋರೆ, ಈ ನಾತದಲ್ಲಿ ಇನ್ನು ಕೂರುವುದು ಬೇಡ ಎಂದು ಅವರ ಮೊಳಕೈ ಹಿಡಿದು ಎಬ್ಬಿಸಲು ಹೋದೆ. ಅವರು ಏಳಲಿಲ್ಲ. ಶೀಶೆಯನ್ನು ಬೆಳಕಿಗೆ ಹಿಡಿದು ಎಣ್ಣೆ ಎಷ್ಟು ಉಳಿದಿದೆ ಎಂದು ನೋಡಿದರು.

'ನೀ ಬಸ್ಸಿಗಿ ಹೋಗು ತಂಗಿ, ನಿನಗ ತಡಾ ಆಗ್ತದ' ಎಂದರು. 'ಸಂಜಿಗಿ ಇನ್ನಾ ಮಂದಿ ಬರ್ತಾರ.'